ಎಂಟರಲ್ಲೊಂದು

ಹೊಸ ವಸ್ತುವೊಂದು ಸಿಕ್ಕರೆ ಅದು ಎಷ್ಟು ಮೇಲೇರಿತು ಎಂಬುದನ್ನೇ ಎಲ್ಲರೂ ಕೇಳುತ್ತಾರೆ. 1986ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್‌ನೋರ್ಟ್ಸ್ ಮತ್ತು ಮ್ಯುಲರ್ ಒಂದು ಸೆರಾಮಿಕ್ಕನ್ನು ತಂಪು ಮಾಡುತ್ತಿದ್ದರು. ಲ್ಯಾಂಥನಮ್, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ಆ ವಸ್ತುವಿನಲ್ಲಿ 30 ಕೆಲ್ವಿನ್ ಆಸುಪಾಸಿನಲ್ಲೇ ವಿದ್ಯುತ್ ರೋಧ ಕುಸಿಯತೊಡಗಿತು. ಮರುವರ್ಷ ನೊಬೆಲ್ ಬಂತು. ಅದೇ ವರ್ಷ ಇಟ್ರಿಯಂ ಬೆರೆತ ಇನ್ನೊಂದು ವಸ್ತು 90 ಕೆಲ್ವಿನ್ ದಾಟಿತು. ತಂಪು ಮಾಡಲು 77 ಕೆಲ್ವಿನ್‌ನ ದ್ರವ ಸಾರಜನಕವೇ ಸಾಕೆಂದಾಯಿತು. 1993ರಲ್ಲಿ ಪಾದರಸದ ಕುಪ್ರೇಟ್ 133 ಮುಟ್ಟಿತು. ಈ ಏರುದಾರಿಯ ಕಥೆಯನ್ನು ಬೇಕಾದಷ್ಟು ಸಲ ಹೇಳಿಯಾಗಿದೆ. ಆದರೆ ಆ ದಾರಿಯ ಮೊದಲಲ್ಲೇ ಒಂದು ಗುಂಡಿ ಇತ್ತು.

ಮೂಲವಸ್ತುವಿನಲ್ಲಿ ಬೇರಿಯಂ ಇರುವುದಿಲ್ಲ, ವಿದ್ಯುತ್ತೂ ಹರಿಯುವುದಿಲ್ಲ. ಅದರ ತಾಮ್ರ-ಆಮ್ಲಜನಕದ ಪದರಗಳಲ್ಲಿ ಪ್ರತಿ ತಾಮ್ರದ ಮೇಲೂ ಒಂದೊಂದು ಎಲೆಕ್ಟ್ರಾನ್ ಕೂತಿರುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಪ್ರತಿ ಎಲೆಯ ಮುಂದೂ ಒಬ್ಬರು ಕೂತಂತೆ. ಎದ್ದು ಪಕ್ಕಕ್ಕೆ ಹೋಗೋಣವೆಂದರೆ ಅಲ್ಲೂ ಒಬ್ಬರಿದ್ದಾರೆ. ಕೂತ ಎಲೆಕ್ಟ್ರಾನುಗಳ ಸ್ಪಿನ್‌ಗಳು ಒಂದು ಮೇಲೆ, ಒಂದು ಕೆಳಗೆ ಎಂದು ಚದುರಂಗದ ಮಣೆಯಂತೆ ಜೋಡಿಕೊಳ್ಳುತ್ತವೆ. ಲ್ಯಾಂಥನಮ್ ಜಾಗಕ್ಕೆ ಒಂದು ಬೇರಿಯಂ ಬಂದರೆ ಒಂದು ಎಲೆಕ್ಟ್ರಾನ್ ಕಡಿಮೆಯಾಗಿ ಪಂಕ್ತಿಯಲ್ಲಿ ಒಂದು ಎಲೆ ಖಾಲಿಯಾಗುತ್ತದೆ. ಆ ಖಾಲಿ ಎಲೆಗಳು ಓಡಾಡತೊಡಗಿದಾಗಲೇ ಅತಿವಾಹಕತೆ ಹುಟ್ಟುವುದು. ಬೇರಿಯಂ ತೀರ ಕಡಿಮೆಯಾದರೂ ಆಗದು, ಹೆಚ್ಚಾದರೂ ಆಗದು. ಹದ ಬೇಕು.

1988ರಲ್ಲಿ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಮೂಡನ್‌ಬಾ ಮತ್ತು ಜೊತೆಯವರು ಈ ಹದವನ್ನು ಸ್ವಲ್ಪಸ್ವಲ್ಪವಾಗಿ ಬದಲಿಸುತ್ತ ಅಳೆದರು. ಒಂದೇ ಗುಡ್ಡದಂತೆ ಏರಿ ಇಳಿಯಬೇಕಿದ್ದ ಗೆರೆಯ ನಡುವೆ ಆಳವಾದ ತಗ್ಗು ಬಿತ್ತು. ಎಂಟು ತಾಮ್ರಕ್ಕೆ ಒಂದು ಖಾಲಿ ಎಲೆ, ಹಳಬರ ಲೆಕ್ಕದಲ್ಲಿ ರೂಪಾಯಿಗೆ ಎರಡಾಣೆ. ಸರಿಯಾಗಿ ಅಲ್ಲಿ ಅತಿವಾಹಕತೆ 5 ಕೆಲ್ವಿನ್ ಆಸುಪಾಸಿಗೆ ಕುಸಿದಿತ್ತು. ಮಾದರಿ ಕೆಟ್ಟಿದೆ ಎಂದು ಬದಿಗಿಟ್ಟುಬಿಡಬಹುದಾಗಿದ್ದ ಫಲಿತಾಂಶ ಇದು. ಹಾಗೆ ಬಿಡದಿದ್ದದ್ದು ಈ ಕ್ಷೇತ್ರದ ಭಾಗ್ಯ.

ಕಾರಣ ಸಿಗಲು 1995 ಬರಬೇಕಾಯಿತು. ಜಾನ್ ಟ್ರಾನ್‌ಕ್ವಾಡಾ ಮತ್ತು ಸಂಗಡಿಗರು ಇದೇ ಕುಟುಂಬದ, ನಿಯೋಡಿಮಿಯಂ ಬೆರೆತ ಹರಳಿನ ಮೇಲೆ ನ್ಯೂಟ್ರಾನ್ ಹಾಯಿಸಿ ನೋಡಿದರು. ಖಾಲಿ ಎಲೆಗಳು ಅಡ್ಡಾದಿಡ್ಡಿ ಚದುರಿರಲಿಲ್ಲ, ಸೀರೆಯ ಪಟ್ಟೆಗಳಂತೆ ಸಾಲುಗಟ್ಟಿದ್ದವು. ನಾಲ್ಕು ಸಾಲಿಗೊಂದು ಪಟ್ಟೆ, ಪಟ್ಟೆಯ ಉದ್ದಕ್ಕೂ ಎರಡು ತಾಮ್ರಕ್ಕೊಂದು ಖಾಲಿ, ಗುಣಿಸಿದರೆ ಎಂಟರಲ್ಲೊಂದು. ಪಟ್ಟೆಗಳ ನಡುವೆ ಹಳೆಯ ಚದುರಂಗದ ಕಾಂತೀಯತೆ ಮತ್ತೆ ತಲೆಯೆತ್ತಿತ್ತು. ಅಂದರೆ ಅದೇ ಎಲೆಕ್ಟ್ರಾನುಗಳಿಗೆ ಎರಡು ಬಗೆಯ ಸಂಸಾರ ಸಾಧ್ಯವಿತ್ತು, ಇಲ್ಲಿ ಎರಡನೆಯದು ಗೆದ್ದಿತ್ತು.

ಪಟ್ಟೆ ವೈರಿ ಎಂದು ತೀರ್ಮಾನಿಸುವುದು ಸುಲಭ. 2012ರಲ್ಲಿ ಇಟ್ರಿಯಂ ಕುಪ್ರೇಟಿನ ಮೇಲೆ ನಡೆದ ಎಕ್ಸ್-ರೇ ಪ್ರಯೋಗಗಳೂ ಅದನ್ನೇ ಹೇಳಿದವು. ಅತಿವಾಹಕತೆ ಬರುತ್ತಿದ್ದಂತೆ ವಿದ್ಯುದಂಶದ ಅಲೆ ಸೊರಗುತ್ತದೆ. ಕಾಂತಕ್ಷೇತ್ರ ಹಾಕಿ ಅತಿವಾಹಕತೆಯನ್ನು ಹಿಂಡಿದರೆ ಅಲೆ ಮತ್ತೆ ಬಲಿಯುತ್ತದೆ. ವೈರಿಯೇ ಆದರೆ ಕೆಲಸ ಸ್ಪಷ್ಟ: ಅದನ್ನು ತೆಗೆದುಹಾಕು, ಉಷ್ಣತೆ ಏರುತ್ತದೆ. ಒಂದೇ ಬೇರಿನದ್ದಾದರೆ? ಕಳೆ ಕೀಳಲು ಹೋಗಿ ಪೈರು ಕಿತ್ತಂತಾದೀತು. ಫಿಲಿಪ್ ಆಂಡರ್ಸನ್ 1987ರ ಜನವರಿಯಲ್ಲಿ ಬೆಂಗಳೂರಿನ ಸಮ್ಮೇಳನದಲ್ಲಿ ಮುಂದಿಟ್ಟ ವಿಚಾರವೂ ಬೇರಿನದ್ದೇ: ವಿದ್ಯುತ್ ಹರಿಯದ ಮೂಲವಸ್ತುವಿನಲ್ಲೇ ಎಲೆಕ್ಟ್ರಾನುಗಳು ಜೋಡಿಯಾಗಿವೆ, ಖಾಲಿ ಜಾಗ ಸಿಕ್ಕೊಡನೆ ಆ ಜೋಡಿಗಳೇ ಹರಿಯುತ್ತವೆ. ಆಗ ಪ್ರಿನ್ಸ್‌ಟನ್‌ನಲ್ಲಿದ್ದ ಜಿ. ಬಾಸ್ಕರನ್ ಅವರೊಡನೆ ಅದು ಅದೇ ವರ್ಷ ಗಣಿತದ ರೂಪ ಪಡೆಯಿತು. ಎಲ್ಲರೂ ಅದನ್ನು ಒಪ್ಪಿಲ್ಲ, ಕೈಬಿಟ್ಟೂ ಇಲ್ಲ.

ಬೇರಿಯಂ ವಸ್ತುವಿನ ಗುಂಡಿಗೆ 2007ರಲ್ಲಿ ಬ್ರೂಕ್‌ಹೇವನ್ ತಂಡ ಮತ್ತೆ ಇಳಿಯಿತು. ಪದರದ ಉದ್ದಕ್ಕೆ ಅಳೆದಾಗ 40 ಕೆಲ್ವಿನ್ ಹತ್ತಿರವೇ ರೋಧ ಥಟ್ಟನೆ ಬಿದ್ದಿತು. ಪದರದಿಂದ ಪದರಕ್ಕೆ ಅಳೆದರೆ ಹಾಗಾಗಲಿಲ್ಲ. ಪದರದೊಳಗೆ ಅತಿವಾಹಕತೆಯ ಲಕ್ಷಣ ಜೀವಂತವಾಗಿತ್ತು, ಅದೂ ಪಟ್ಟೆಗಳ ಜೊತೆಯಲ್ಲೇ. ಪದರಗಳಿಗೆ ಮಾತ್ರ ಪರಸ್ಪರ ಮಾತು ಬಿಟ್ಟುಹೋಗಿತ್ತು. ಒಂದು ಪದರದ ಪಟ್ಟೆ ಉದ್ದಕ್ಕಿದ್ದರೆ ಮೇಲಿನದರದ್ದು ಅಡ್ಡಕ್ಕೆ. ಜೋಡಿಗಳ ಅಲೆಯೂ ಪಟ್ಟೆಯಿಂದ ಪಟ್ಟೆಗೆ ಚಿಹ್ನೆ ಬದಲಿಸುತ್ತದೆ ಎಂದಿಟ್ಟುಕೊಂಡರೆ, ಪದರಗಳ ನಡುವಿನ ಕೊಡುಕೊಳ್ಳುವಿಕೆ ಕೂಡಿ ಕಳೆದು ಸೊನ್ನೆಯಾಗುತ್ತದೆ. ಸತ್ತಿದೆ ಎಂದುಕೊಂಡದ್ದು ಕೋಣೆ ಕೋಣೆಯಲ್ಲಿ ಬೇರೆ ಬೇರೆ ಬದುಕಿತ್ತು. ವೈರಿ ಎಂಬ ಒಂದೇ ಪದ ಈ ಸಂಬಂಧಕ್ಕೆ ಸಾಲದು.

ಎಂಟರಲ್ಲೊಂದಕ್ಕೆ ಕೂದಲೆಳೆಯಷ್ಟು ಕಡಿಮೆ ಬೇರಿಯಂ ಇದ್ದ ಹರಳನ್ನು 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪಕ್ಕದಿಂದ ತುಸುವೇ ಒತ್ತಿದರು. ಪಟ್ಟೆಗಳ ಕಾಂತೀಯತೆ ಹಿಂಜರಿಯಿತು. ಪದರಗಳೆಲ್ಲ ಕೂಡಿದ ಅತಿವಾಹಕತೆ 10 ಕೆಲ್ವಿನ್ ಆಸುಪಾಸಿನಿಂದ 32ಕ್ಕೆ ಜಿಗಿಯಿತು. ಪದರದೊಳಗಿನದ್ದು ಮಾತ್ರ ಈ ಒತ್ತಡಕ್ಕೆ ಹೆಚ್ಚೇನೂ ಅಲುಗಲಿಲ್ಲ.