ಮರಳುವ ಹೊತ್ತು

ಜಪಾನಿನ ಪ್ರಧಾನ ದ್ವೀಪಗಳಲ್ಲಿ ಒಂದಾದ ಕ್ಯೂಶೂವಿನ ದಕ್ಷಿಣ ತುದಿಯಿಂದ ಸುಮಾರು 60 ಕಿಲೋಮೀಟರು ದೂರದಲ್ಲಿ ಯಾಕುಶಿಮಾ ಎಂಬ ದ್ವೀಪವಿದೆ. ಭೂಪಟದಲ್ಲಿ ಅದು ಒಂದು ಗುಂಡನೆಯ ಚುಕ್ಕೆ. ವಿಸ್ತೀರ್ಣ ಸುಮಾರು 500 ಚದರ ಕಿಲೋಮೀಟರು ಮಾತ್ರ. ಅಷ್ಟು ಕಿರಿದಾದ ನೆಲದ ಮೇಲೆ ಕಲ್ಲುಬೆಟ್ಟಗಳು ಒತ್ತೊತ್ತಾಗಿ ಎದ್ದು ನಿಂತಿವೆ. ಅವುಗಳಲ್ಲಿ ಅತ್ಯುನ್ನತವಾದ ಮಿಯಾನೊಉರಾ ಶಿಖರದ ಎತ್ತರ 1936 ಮೀಟರು. ಕ್ಯೂಶೂ ಪ್ರಾಂತದಲ್ಲೆಲ್ಲ ಅದನ್ನು ಮೀರಿದ ಶಿಖರವಿಲ್ಲ. ಕಡಲಿನಿಂದ ಬೀಸುವ ತೇವಗಾಳಿ ಈ ಬೆಟ್ಟಗಳಿಗೆ ತಾಗಿ ಮೇಲೇರುತ್ತದೆ, ತಣಿಯುತ್ತದೆ, ಮಳೆಯಾಗಿ ಸುರಿಯುತ್ತದೆ. ಕರೆಯ ಊರುಗಳಲ್ಲಿ ಬಿಸಿಲು ಕಾಯುತ್ತಿರುವಾಗ ಮೇಲಿನ ಕಾಡಿನಲ್ಲಿ ಜಡಿಮಳೆ ಹಿಡಿದಿರುವುದು ಅಲ್ಲಿಯ ಜನರಿಗೆ ಸೋಜಿಗವೇನಲ್ಲ.

ಆ ಕಾಡಿನ ಒಳಗೆ ‘ಜೋಮೊನ್ ಸುಗಿ’ ಎಂಬ ಮರವೊಂದಿದೆ. ಸುಗಿ ಎಂಬುದು ಸೂಜಿಯಂತಹ ಎಲೆಗಳುಳ್ಳ, ಜಪಾನಿನ ಮರಜಾತಿ. ಯಾಕುಶಿಮಾದ ಕಲ್ಲುನೆಲದಲ್ಲಿ ಸಾರ ಕಡಿಮೆಯಾದುದರಿಂದ ಅಲ್ಲಿ ಅದು ಬಲು ನಿಧಾನವಾಗಿ ಬೆಳೆಯುತ್ತದೆ. ಮೈಯಲ್ಲಿ ರಾಳ ಹೆಚ್ಚಾದುದರಿಂದ ಬೇಗ ಕೊಳೆಯುವುದಿಲ್ಲ. ಸಾವಿರ ವರ್ಷ ದಾಟಿದ ಮರವನ್ನು ಮಾತ್ರ ದ್ವೀಪದವರು ‘ಯಾಕುಸುಗಿ’ ಎಂದು ಕರೆಯುತ್ತಾರೆ. ಅದಕ್ಕಿಂತ ಎಳೆಯದು ‘ಕೊಸುಗಿ’, ಎಂದರೆ ಚಿಕ್ಕ ಸುಗಿ. ಒಂಬೈನೂರು ವರ್ಷದ ಮರವೂ ಅವರ ಪಾಲಿಗೆ ಚಿಕ್ಕದೇ! ಜೋಮೊನ್ ಸುಗಿಯ ಎತ್ತರ 25.3 ಮೀಟರು, ಕಾಂಡದ ಸುತ್ತಳತೆ 16.4 ಮೀಟರು. ಅದರ ವಯಸ್ಸು ಎರಡು ಸಾವಿರ ವರ್ಷಕ್ಕೆ ಕಡಿಮೆಯಿಲ್ಲ. ಏಳು ಸಾವಿರವೆಂದು ಎಣಿಸಿದವರೂ ಉಂಟು. 1966ರಲ್ಲಿ ಈ ಮರದ ಇರವು ಹೊರಗಿನವರಿಗೆ ತಿಳಿಯಿತು. 1993ರಲ್ಲಿ ದ್ವೀಪದ ಒಂದು ಭಾಗ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಅದನ್ನು ಕಾಣಲು ದೂರದೂರದಿಂದ ಜನ ಬರತೊಡಗಿದರು.

ಮರದ ಬಳಿಗೆ ವಾಹನ ಹೋಗುವ ದಾರಿಯಿಲ್ಲ. ಸುಮಾರು 600 ಮೀಟರು ಎತ್ತರದಲ್ಲಿರುವ ಅರಕಾವಾ ಎಂಬಲ್ಲಿಗೆ ರಸ್ತೆ ಮುಗಿಯುತ್ತದೆ. ಅಲ್ಲಿಂದ ಮರಕ್ಕೆ 11 ಕಿಲೋಮೀಟರು. ಮರಳಲು ಮತ್ತೆ 11. ಚೆನ್ನಾಗಿ ನಡೆಯಬಲ್ಲವರಿಗೂ ಒಟ್ಟು ಹತ್ತು ಗಂಟೆ ಹಿಡಿಯುತ್ತದೆ.

ಇಂತಹ ನಡಿಗೆಗೆ ಸಿದ್ಧನಾಗುವವನ ಮನಸ್ಸಿನಲ್ಲಿ, ಮರವನ್ನು ಎಷ್ಟು ಹೊತ್ತಿಗೆ ಮುಟ್ಟಬಹುದೆಂಬ ಎಣಿಕೆ ಮೊದಲು ಮೂಡುವುದು ಸಹಜ. ಬಲ್ಲವರು ಲೆಕ್ಕವನ್ನು ಇನ್ನೊಂದು ಕೊನೆಯಿಂದ ಹಿಡಿಯುತ್ತಾರೆ. ಸಂಜೆ ಅರಕಾವಾದಿಂದ ಹೊರಡುವ ಕೊನೆಯ ಬಸ್ಸೇ ಅವರ ಲೆಕ್ಕದ ಮೊದಲ ಸಾಲು. ಮಾರ್ಚ್ ತಿಂಗಳಿನಿಂದ ನವೆಂಬರಿನವರೆಗೆ ಆ ರಸ್ತೆಯಲ್ಲಿ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ಬಸ್ಸು ತಪ್ಪಿದರೆ ಕತ್ತಲೆಯ ಕಾಡೇ ಗತಿ. ಮರದಿಂದ ಬಸ್ಸಿನವರೆಗೆ ಇಳಿಯಲು ನಾಲ್ಕೂವರೆ ಗಂಟೆ ಬೇಕು. ಆದುದರಿಂದ ಮಧ್ಯಾಹ್ನ ಒಂದು ಗಂಟೆಗೆ ಮರದ ಬಳಿಯಿಂದ ಹೊರಟಿರಬೇಕು. ಅದಕ್ಕಾಗಿ ಕಡಿದಾದ ಏರು ಆರಂಭವಾಗುವ ಸ್ಥಳವನ್ನು ಬೆಳಿಗ್ಗೆ ಹತ್ತರೊಳಗೆ ಸೇರಿರಬೇಕು. ಈ ಎರಡು ಹೊತ್ತುಗಳನ್ನು ಬಂದವರಿಗೆಲ್ಲ ಹೇಳಿಯೇ ಕಳುಹಿಸುತ್ತಾರೆ. ಹತ್ತಕ್ಕೆ ಅಲ್ಲಿರಬೇಕಾದರೆ ಆರರ ಸುಮಾರಿಗೆ ಅರಕಾವಾದಲ್ಲಿ ಮೊದಲ ಹೆಜ್ಜೆ ಬೀಳಬೇಕು. ಐದಕ್ಕೆ ಬಸ್ಸು ಹತ್ತಬೇಕು. ನಾಲ್ಕಕ್ಕೆ ಮೊದಲೇ ಹಾಸಿಗೆ ಬಿಡಬೇಕು. ಹೀಗೆ ಸಂಜೆಯ ಬಸ್ಸು ಬೆಳಗಿನ ನಿದ್ದೆಯ ಮೇಲೂ ಅಧಿಕಾರ ನಡೆಸುತ್ತದೆ.

ಉಳಿದ ಸಿದ್ಧತೆಯೆಲ್ಲ ಹಿಂದಿನ ದಿನದ್ದು. ಬಸ್ಸಿನ ಚೀಟಿಯನ್ನು ಅಂದೇ ಕೊಂಡಿಡಬೇಕು. ಸಂಜೆಯೇ ಹೇಳಿಟ್ಟರೆ ನಸುಕಿಗೆ ಬುತ್ತಿ ಕಟ್ಟಿಕೊಡುವ ಅಂಗಡಿಗಳು ಅಲ್ಲಿವೆ. ಕೊಡೆಯನ್ನು ನಂಬುವಂತಿಲ್ಲ, ಏರಿನಲ್ಲಿ ಬೇರುಗಳನ್ನು ಹಿಡಿಯಲು ಎರಡು ಕೈಗಳೂ ಬೇಕು. ಮಳೆಯಂಗಿಯ ಜೊತೆಗೆ ಮಳೆಗೆ ತಕ್ಕ ಷರಾಯಿಯೂ ಇರಬೇಕು. ಬಿಸಿಲಿನ ನಾಡಿನವರಿಗೆ ಹತ್ತಿಬಟ್ಟೆಯಂತಹ ಹಿತವಾದ ಉಡುಪು ಬೇರೊಂದಿಲ್ಲ; ಆದರೆ ಆ ಕಾಡಿನಲ್ಲಿ ಅದು ಶತ್ರುವಾಗಬಹುದು. ನೆನೆದ ಹತ್ತಿ ಬೇಗ ಒಣಗದೆ ಮೈಯ ಕಾವನ್ನು ಹೀರುತ್ತದೆ. ನೂರು ಮೀಟರು ಏರಿದಂತೆಲ್ಲ ಉಷ್ಣತೆ ಅರ್ಧ ಡಿಗ್ರಿಗಿಂತಲೂ ತುಸು ಹೆಚ್ಚಾಗಿ ಇಳಿಯುವುದರಿಂದ, 1300 ಮೀಟರಿನಲ್ಲಿರುವ ಮರದ ಬಳಿ ಕರೆಗಿಂತ ಏಳೆಂಟು ಡಿಗ್ರಿ ಹೆಚ್ಚು ಚಳಿ. ಬೇಸಗೆಯಲ್ಲೂ ನೆನೆದವನ ಹಲ್ಲು ಕಟಕಟಿಸೀತು. ಹಗಲಿನಲ್ಲೇ ಮರಳುವೆನೆಂಬವನಿಗೂ ಹಣೆಗೆ ಕಟ್ಟುವ ದೀಪ ಬೇಕು. ಯಾರು ಹೊರಟರು, ಎಂದು ಮರಳುವರು ಎಂಬುದನ್ನು ಕಾಗದದಲ್ಲಿ ಬರೆದು ಕೊಟ್ಟು ಹೋಗುವ ಪದ್ಧತಿಯಿದೆ. ಹುಡುಕಬೇಕಾಗಿ ಬಂದಾಗ ಆ ಕಾಗದವೇ ಆಧಾರ.

ದಾರಿಯ ಮೊದಲ ಎಂಟು ಕಿಲೋಮೀಟರು ರೈಲುಹಳಿಯ ಮೇಲಿನದು. ಮರಮುಟ್ಟುಗಳನ್ನು ಸಾಗಿಸಲು 1923ರಲ್ಲಿ ಆರಂಭವಾದ ಕಾಡುರೈಲಿನ ಹಳಿ ಅದು. ಹಳಿಗಳ ನಡುವೆ ಹಲಗೆ ಹಾಸಿದೆ, ಏರು ಅಲ್ಪ. ದಾರಿಯಲ್ಲಿ ಕೊಸುಗಿದಾನಿ ಎಂಬ ಊರಿನ ಕುರುಹುಗಳು ಸಿಗುತ್ತವೆ. ಮರ ಕಡಿಯುವವರ ಕುಟುಂಬಗಳು ಅಲ್ಲಿ ಬಾಳಿದ್ದುವು; ಮಕ್ಕಳಿಗೆ ಶಾಲೆಯೂ ಇದ್ದಿತು. 1970ರಲ್ಲಿ ಕೆಲಸ ನಿಂತು ಊರು ಬರಿದಾಯಿತು. ಮಕ್ಕಳು ಆಡಿದ ನೆಲವನ್ನು ಈಗ ಕಾಡು ಮುಚ್ಚಿದೆ.

ಹಳಿ ಮುಗಿದಲ್ಲಿಂದ ನಿಜವಾದ ಬೆಟ್ಟ. ಅರ್ಧ ಗಂಟೆ ಏರಿದರೆ ದಾರಿಯಲ್ಲೊಂದು ಬೃಹತ್ತಾದ ಮೋಟುಮರ ಎದುರಾಗುತ್ತದೆ. ನಾಲ್ಕುನೂರು ವರ್ಷಗಳ ಹಿಂದೆ ಕಡಿದದ್ದೆಂದು ಪ್ರತೀತಿ. 1914ರಲ್ಲಿ ದ್ವೀಪಕ್ಕೆ ಬಂದ ಅರ್ನೆಸ್ಟ್ ವಿಲ್ಸನ್ ಎಂಬ ಸಸ್ಯವಿಜ್ಞಾನಿಯ ಹೆಸರು ಅದಕ್ಕಿದೆ. ಒಳಗೆ ಕೋಣೆಯಷ್ಟು ಟೊಳ್ಳು. ಅಲ್ಲೊಂದು ಪುಟ್ಟ ಗುಡಿ, ಹರಿಯುವ ನೀರು. ಹಿಂದಿನ ಕಾಲದಲ್ಲಿ ದ್ವೀಪದವರು ಭತ್ತದ ಬದಲಿಗೆ ಸುಗಿಯ ಸೀಳುಹಲಗೆಗಳನ್ನೇ ಕಂದಾಯವಾಗಿ ತೆರುತ್ತಿದ್ದರು. ಸೀಳಲು ಒದಗುವ ನೇರ ಮರಗಳು ಕೊಡಲಿಗೆ ಬಿದ್ದುವು; ಗಂಟುಗಂಟಾದ ಸೊಟ್ಟ ಮರಗಳು ಉಳಿದುವು. ಜೋಮೊನ್ ಸುಗಿ ಉಳಿದುದೂ ಹೀಗೆಯೇ ಎನ್ನುತ್ತಾರೆ. ಮೋಟಿನೊಳಗೆ ನಿಂತವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಕಷ್ಟವಿರುವುದು ಇಲ್ಲಿಂದ ಮುಂದೆ. ಮಳೆ ಬಲಿತಿದೆ, ಜೊತೆಗಾರರಲ್ಲೊಬ್ಬರ ಮಂಡಿ ನೋಯುತ್ತಿದೆ, ಒಂದು ಗಂಟೆಯಾಗಿದೆ, ಮರ ಇನ್ನು ಅರ್ಧ ಗಂಟೆಯ ದಾರಿ. ಕಡಲು ದಾಟಿ ಬಂದವನಿಗೆ ಆ ಅರ್ಧ ಗಂಟೆ ಏನು ಮಹಾ ಎನಿಸುತ್ತದೆ. ಆದರೆ ಹೋಗಲು ಅರ್ಧ, ಬರಲು ಅರ್ಧ. ನೋಡದೆ ಬರಲು ಮನಸ್ಸಾಗದ್ದರಿಂದ ಮತ್ತರ್ಧ. ಅಷ್ಟರಲ್ಲಿ ತೊರೆಗಳು ತುಂಬಿರುತ್ತವೆ. ನೊಂದ ಮಂಡಿ ಇಳಿಜಾರಿನಲ್ಲಿ ಇನ್ನಷ್ಟು ಸೋಲುತ್ತದೆ. ದಣಿದು ನೆನೆದವನ ಆಸೆ ಇವನ್ನೆಲ್ಲ ಎಣಿಸಲಾರದು. ಅದಕ್ಕಾಗಿಯೇ ಈ ತೀರ್ಮಾನವನ್ನು ಹಿಂದಿನ ರಾತ್ರಿ, ಉಂಡು ಬೆಚ್ಚಗೆ ಕುಳಿತಾಗ, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಎದುರಿನಲ್ಲೇ ಮಾಡಿರಬೇಕು.

ಹೊತ್ತಿಗೆ ಸರಿಯಾಗಿ ಮುಟ್ಟಿದವರಿಗೂ ಮರವನ್ನು ತಡವುವ ಅವಕಾಶವಿಲ್ಲ. ಜನರ ತುಳಿತದಿಂದ ಬೇರಿನ ಮಣ್ಣು ಸವೆದುದರಿಂದ 1996ರಲ್ಲಿ ತುಸು ದೂರದಲ್ಲಿ ಮರದ ಅಟ್ಟಣೆ ಕಟ್ಟಿದರು, ಅಲ್ಲಿಂದಲೇ ನೋಡಬೇಕು. ಕೆಲವು ದಿನ ಮಂಜು ಕವಿದು ಕಾಂಡದ ಬುಡವಷ್ಟೇ ಕಾಣುತ್ತದೆ. ನೋಡಿ, ಬುತ್ತಿ ಬಿಚ್ಚಿ ಉಂಡು, ಜನರು ಇಳಿಯತೊಡಗುತ್ತಾರೆ. ಬೆಳಿಗ್ಗೆ ಸಮತಟ್ಟೆಂದು ತೋರಿದ ಹಳಿಯ ದಾರಿ ಈಗ ಮುಗಿಯುವಂತೆಯೇ ಕಾಣುವುದಿಲ್ಲ. ನೆನೆದ ಹಲಗೆಗಳ ಮೇಲೆ ಹೆಜ್ಜೆ ನೋಡಿ ನೋಡಿ ಇಡುತ್ತ, ಮಾತಿಲ್ಲದೆ, ಅವರು ಅರಕಾವಾದ ಬಸ್ಸಿನತ್ತ ನಡೆಯುತ್ತಾರೆ.