ಕಾವೇರಿ ದಡದಲ್ಲಿ ಜರ್ಮನ್ ಪಾಠ

ಶ್ರೀರಂಗಪಟ್ಟಣಕ್ಕೆ ಬಂದವರು ರಂಗನಾಥನ ದರ್ಶನ ಮಾಡಿ, ದರಿಯಾ ದೌಲತ್ ನೋಡಿ, ಸಂಗಮದಲ್ಲಿ ಕಾಲು ತೊಳೆದು ಬಸ್ಸು ಹತ್ತುತ್ತಾರೆ. ಇದೇ ಊರಿನಲ್ಲಿ ಇನ್ನೂರು ವರ್ಷಗಳಿಗೂ ಹಿಂದೆ ಜರ್ಮನ್ ಮಾತು ಕೇಳಿಬರುತ್ತಿತ್ತೆಂದರೆ ಎಷ್ಟು ಜನ ನಂಬಿಯಾರು? 1779ರಲ್ಲಿ ಮದರಾಸಿನ ಇಂಗ್ಲಿಷರು ಹೈದರಾಲಿಯ ಬಳಿಗೆ ದೂತನಾಗಿ ಕಳಿಸಿದ್ದು ಕ್ರಿಶ್ಚಿಯನ್ ಫ್ರೆಡ್ರಿಕ್ ಶ್ವಾರ್ಟ್ಸ್ ಎಂಬ ಜರ್ಮನ್ ಪಾದ್ರಿಯನ್ನು. ತಮಿಳು, ಹಿಂದೂಸ್ತಾನಿ ಬಲ್ಲ ಈತ, ಕೋಟೆಯ ಹೊರಗಿದ್ದ ಹೈದರನ ಐರೋಪ್ಯ ಪಡೆಯ ಜರ್ಮನ್ ಸೈನಿಕರಿಗೆ ಅವರ ಭಾಷೆಯಲ್ಲೇ ಭಾನುವಾರದ ಪ್ರಾರ್ಥನೆ ನಡೆಸಿದ.

ಇಂದು ಓದಿಗೋ ಉದ್ಯೋಗಕ್ಕೋ ಜರ್ಮನಿಗೆ ಹೋಗಬಯಸುವ ಹಳ್ಳಿಯ ಮಕ್ಕಳಿಗೆ ಒಂದು ಅಳುಕಿದೆ: ‘ನಮ್ಮದು ಕನ್ನಡ ಮೀಡಿಯಂ, ಜರ್ಮನ್ ತಲೆಗೆ ಹತ್ತೀತೆ?’ ತಂದೆತಾಯಿಯರಿಗೂ ಅದೇ ಚಿಂತೆ. ಆದರೆ ಜರ್ಮನ್ ಕ್ರಿಯಾಪದವನ್ನು ನೋಡಿ. ‘ಇಷ್ ಕೊಮ್ಮೆ, ದು ಕೊಮ್‌ಸ್ಟ್, ಎರ್ ಕೊಮ್ಟ್’ ಎಂದರೆ ಬರುತ್ತೇನೆ, ಬರುತ್ತೀಯ, ಬರುತ್ತಾನೆ. ಕರ್ತೃ ಬದಲಾದಂತೆ ಕ್ರಿಯಾಪದದ ಬಾಲವೂ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಬಹುಪಾಲು ಅಳಿಸಿಹೋಗಿರುವ ಈ ಪದ್ಧತಿ ಕನ್ನಡದ ಮಗುವಿಗೆ ತೊಟ್ಟಿಲಲ್ಲೇ ಬಂದಿರುತ್ತದೆ. ‘ಏಕೆಂದರೆ’ ಎಂಬರ್ಥದ ‘ವೈಲ್’ ಬಂದರಂತೂ ಜರ್ಮನ್ ಕ್ರಿಯಾಪದ ಕನ್ನಡದಂತೆಯೇ ವಾಕ್ಯದ ಕೊನೆಗೆ ಹೋಗಿ ಕೂರುತ್ತದೆ.

ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಹೊರಟರೆ ಪಾಂಡವಪುರ. ಹಳೆಯ ಹೆಸರು ಹಿರೋಡೆ; ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ‘ಫ್ರೆಂಚ್ ರಾಕ್ಸ್’ ಎಂದೂ ಕರೆಸಿಕೊಂಡ ಊರು. ಇದೇ ತಾಲ್ಲೂಕಿನ ಮೇಲುಕೋಟೆಯಲ್ಲಿ ಎಷ್ಟೋ ಮನೆಗಳ ಒಳಗೆ ತಮಿಳು, ಬೀದಿಯಲ್ಲಿ ಕನ್ನಡ. ಅಂಥ ಮನೆಯಲ್ಲೇ 1905ರಲ್ಲಿ ಹುಟ್ಟಿದ ಪು.ತಿ.ನ. ಕನ್ನಡದ ದೊಡ್ಡ ಕವಿಯಾದರು.

ಮನೆಯ ಮಾತೆಂದರೆ ನನ್ನ, ನಿನ್ನ ಎಂಬ ಮಾತು. ಅಮ್ಮನಿಗೆ ‘ನೀನು, ನಿನ್ನ’, ಮೇಷ್ಟ್ರಿಗೆ ‘ನೀವು, ನಿಮ್ಮ’ ಎನ್ನುವ ನಮ್ಮ ಮಕ್ಕಳಿಗೆ ಜರ್ಮನ್ನಿನ ‘ದು, ದೈನ್’ ಮತ್ತು ‘ಜೀ, ಈರ್’ ಹೊಸತಲ್ಲ. ಕಷ್ಟ ಇರುವುದು ಬೇರೆಡೆ. ಕನ್ನಡದಲ್ಲಿ ಅಪ್ಪನಿಗೂ ಅಮ್ಮನಿಗೂ ಒಂದೇ ‘ನನ್ನ’. ಜರ್ಮನ್ನಿನಲ್ಲಿ ‘ಮೈನ್ ಫಾಟರ್’, ಆದರೆ ‘ಮೈನೆ ಮುಟರ್’. ಅಲ್ಲಿ ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ, ಚಾಕು ನಪುಂಸಕಲಿಂಗ! ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡದೆ ವಿಧಿಯಿಲ್ಲ.

ಮುಂದೆ ಕೃಷ್ಣರಾಜಪೇಟೆ. ಈ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಫ್ರೆಂಚ್ ನಾಟಕಕಾರ ಮೋಲಿಯೇರನ ‘ತಾರ್ತುಫ್’ ಅನ್ನು ‘ಆಷಾಢಭೂತಿ’ಯಾಗಿಸಿದರು. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್‌ನ ಪ್ರೇಮಗೀತೆಗಳನ್ನು ಕನ್ನಡಕ್ಕೆ ತಂದರು.

ಅನುವಾದಕ್ಕೆ ಕೂತವರಿಗೆ ಕನ್ನಡದ ‘ತನ್ನ’ ಎಂಬ ಪುಟ್ಟ ಪದದ ಬೆಲೆ ಗೊತ್ತು. ‘ರವಿ ತನ್ನ ತಮ್ಮನನ್ನು ಕರೆದ’, ‘ರವಿ ಅವನ ತಮ್ಮನನ್ನು ಕರೆದ’: ಯಾರ ತಮ್ಮನೆಂಬ ಗೊಂದಲ ಇಲ್ಲಿಲ್ಲ. ಜರ್ಮನ್ನಿನಲ್ಲಿ ಎರಡಕ್ಕೂ ಸಾಮಾನ್ಯವಾಗಿ ಒಂದೇ ‘ಜೈನೆನ್’. ದೂರದ ಬೆಲಾರುಸ್ ದೇಶದ ಭಾಷೆಯಲ್ಲಿ ಮಾತ್ರ ನಮ್ಮ ‘ತನ್ನ’ಕ್ಕೆ ಹತ್ತಿರದ ‘ಸ್ವೊಯ್’ ಇದೆ. ‘ನನ್ನ ಹತ್ತಿರ ಇದೆ’ ಎಂಬ ವಾಕ್ಯವೂ ಅಲ್ಲಿ ನಮ್ಮಂತೆಯೇ. ಜರ್ಮನ್ನಿನವರು ಅದಕ್ಕೆ ‘ಹಾಬೆನ್’ ಎಂಬ ಬೇರೆಯೇ ಕ್ರಿಯಾಪದ ಬಳಸುತ್ತಾರೆ. ಬೆಲಾರುಸ್‌ನ ವಿದ್ಯಾರ್ಥಿ ಜರ್ಮನ್ ಕಲಿಯುವಾಗ ಎಡವುವ ಜಾಗದಲ್ಲೇ ಮಂಡ್ಯದ ವಿದ್ಯಾರ್ಥಿಯೂ ಎಡವಬಹುದು. ಇಬ್ಬರಿಗೂ ಊರುಗೋಲು ತಾಯ್ನುಡಿಯೇ.

ಕೊನೆಗೆ ನಾಗಮಂಗಲ. ಈ ತಾಲ್ಲೂಕಿನ ಬೆಳ್ಳೂರು ಬಿ.ಎಂ.ಶ್ರೀ. ಅವರ ಮನೆತನದ ಊರು. ಇಂಗ್ಲಿಷ್ ಮೇಷ್ಟ್ರಾಗಿದ್ದ ಅವರು ‘ಇಂಗ್ಲಿಷ್ ಗೀತಗಳು’ ಸಂಕಲನದಿಂದ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದರು. ಇಂಗ್ಲಿಷ್ ಕಲಿಯಲು ಅವರು ಕನ್ನಡವನ್ನು ಬದಿಗಿಡಲಿಲ್ಲ. ಎರಡನ್ನೂ ಎದುರುಬದುರು ಕೂರಿಸಿ ತೂಗಿದರು.

ಜರ್ಮನ್ ಕಲಿಯಹೊರಟ ಮಗ ಅಥವಾ ಮಗಳಿಗೆ ತಂದೆತಾಯಿಯರು ಮೊದಲು ಕೊಡಿಸಬೇಕಾದದ್ದು ಒಂದು ನೋಟುಬುಕ್ಕು. ಎಡಕ್ಕೆ ಜರ್ಮನ್, ಬಲಕ್ಕೆ ಕನ್ನಡ. ದಿನಕ್ಕೆ ಐದು ಕ್ರಿಯಾಪದ, ಜೊತೆಗೆ ಒಂದು ‘ನನ್ನ’, ಒಂದು ‘ನಿನ್ನ’, ಒಂದು ‘ತನ್ನ’. ಕನ್ನಡ ಮೀಡಿಯಮ್ಮಿನ ಮಕ್ಕಳು ಅಳುಕಬೇಕಾಗಿಲ್ಲ. ಆ ನೋಟುಬುಕ್ಕಿನ ಅರ್ಧ ಭಾಗ ಅವರಿಗೆ ಆಗಲೇ ಬಂದಿದೆ.