ಡೆಸ್ಕ್‌ಟಾಪ್ ಆರಿಸಿಕೊಳ್ಳುವ ಸುಖ

ಡೆಬಿಯನ್‌ನಂಥ ಲಿನಕ್ಸ್ ವಿತರಣೆ ಬಳಸುವವರಿಗೆ ಸರಿಸುಮಾರು ಎರಡು ವರ್ಷಕ್ಕೊಮ್ಮೆ ಒಂದು ಒಳ್ಳೆಯ ಕೆಲಸ ಒದಗಿ ಬರುತ್ತದೆ. ಹೊಸ ಆವೃತ್ತಿ ಬಿಡುಗಡೆಯಾಗಿ, ಅಪ್‌ಗ್ರೇಡ್ ಮುಗಿದು, ಕಂಪ್ಯೂಟರ್ ಮತ್ತೆ ಚಾಲೂ ಆದ ಮೇಲೆ, ಇನ್ನು ಮುಂದೆ ಯಾವ ಡೆಸ್ಕ್‌ಟಾಪ್ ಎಂದು ಕೇಳಿಕೊಂಡು ಉತ್ತರ ಕಂಡುಕೊಳ್ಳುವ ಕೆಲಸ ಅದು. ಹೆಚ್ಚಿನವರು ಈ ಪ್ರಶ್ನೆಯನ್ನೇ ಕೇಳಿಕೊಳ್ಳುವುದಿಲ್ಲ. ಬಂದದ್ದು ಬರಲಿ ಎಂದು ಬಿಟ್ಟುಬಿಡುತ್ತಾರೆ. ಅಲ್ಲಿ ಒಂದು ಸುಖವೂ ಒಂದು ಹಕ್ಕೂ ಕೈತಪ್ಪುತ್ತದೆ ಎಂಬುದು ನನ್ನ ವಾದ. ಬೆಳಗಿನಿಂದ ಸಂಜೆಯವರೆಗೆ ಕಣ್ಣೆದುರಿಗಿರುವ ಪರದೆಯನ್ನು ನಮ್ಮ ಕೈರೂಢಿಗೂ ನಮ್ಮ ಭಾಷೆಗೂ ತಕ್ಕಂತೆ ನಾವೇ ಆರಿಸಿಕೊಳ್ಳಬೇಕು. ಈ ಮಾತನ್ನು ಒರೆಗೆ ಹಚ್ಚಲು ದಕ್ಷಿಣ ಕನ್ನಡದ ಮೂಡುಬಿದಿರೆಯಂಥ ಊರು ತಕ್ಕ ಜಾಗ. ಇಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಕೊಂಕಣಿ, ಹತ್ತಿರದ ಮಿಜಾರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಗ್ಲಿಷ್. ಒಂದೇ ಲ್ಯಾಪ್‌ಟಾಪಿಗೆ ಇವೆಲ್ಲ ಬೇಕು.

ಲಿನಕ್ಸಿನಲ್ಲಿ ಆಯ್ಕೆ ಸಾಧ್ಯವಾಗುವುದೇ ಅದರ ಕಟ್ಟಡ ಹಂತಹಂತವಾಗಿ ಬಿಡಿಯಾಗಿರುವುದರಿಂದ. ಅಡಿಯಲ್ಲಿ ಕರ್ನೆಲ್, ಅದರ ಮೇಲೆ ಹತ್ತಾರು ಲೈಬ್ರರಿಗಳು, ಎಲ್ಲಕ್ಕಿಂತ ಮೇಲೆ ಕಿಟಕಿ, ಮೆನು, ಗಡಿಯಾರ, ಫೈಲುಗಳ ಪೆಟ್ಟಿಗೆ ತೋರಿಸುವ ಡೆಸ್ಕ್‌ಟಾಪ್. ಮೇಲಿನದನ್ನು ಬದಲಿಸಿದರೆ ಕೆಳಗಿನದಕ್ಕೆ ಧಕ್ಕೆಯಿಲ್ಲ. ಡೆಬಿಯನ್‌ನಲ್ಲಿ ಟಾಸ್ಕ್‌ಸೆಲ್ ಎಂಬ ಪುಟ್ಟ ಸಲಕರಣೆ ತೆರೆದರೆ ಗ್ನೋಮ್, ಕೆಡಿಇ ಪ್ಲಾಸ್ಮಾ, ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಡಿಇ, ಎಲ್‌ಎಕ್ಸ್‌ಕ್ಯೂಟಿ ಎಂದು ಸಾಲಾಗಿ ಹೆಸರುಗಳು ನಿಲ್ಲುತ್ತವೆ. ಬೇಕಾದುದಕ್ಕೆ ಗುರುತು ಹಾಕಿದರೆ ಸಾಕು, ಬರೆದಿಟ್ಟ ಕಡತ, ಚಿತ್ರ, ಪತ್ರ ಎಲ್ಲವೂ ಇದ್ದಲ್ಲೇ ಇದ್ದು, ಸುತ್ತಲಿನ ಮನೆ ಮಾತ್ರ ಹೊಸದಾಗುತ್ತದೆ. ಮೂಡುಬಿದಿರೆಯ ಬಸದಿಯಲ್ಲಿ ಉಳಿದು ಬಂದ ಧವಲಾ ಎಂಬ ಜೈನ ಗ್ರಂಥದ ಕಥೆಯೂ ಇದೇ ಬಗೆಯದು. ಪ್ರಾಕೃತ, ಸಂಸ್ಕೃತಗಳ ಆ ಗ್ರಂಥ ಹಳಗನ್ನಡ ಲಿಪಿಯಲ್ಲಿ ತಾಳೆಗರಿಯ ಮೇಲೆ ಉಳಿಯಿತು, ಆಮೇಲೆ ಕಾಗದಕ್ಕೆ ಪ್ರತಿಯಾಯಿತು, 1939ರಿಂದ ನಾಗರಿಯಲ್ಲಿ ಅಚ್ಚಾಗುತ್ತಾ ಬಂತು. ಲಿಪಿ ಬದಲಾಯಿತು, ಹಾಳೆ ಬದಲಾಯಿತು, ಗ್ರಂಥ ಉಳಿಯಿತು. ಒಳಗಿನದು ಸ್ಥಿರವಾಗಿದ್ದರೆ ಹೊರಗಿನದನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು.

ತಜ್ಞರೇ ಕೂತು ಒಂದು ಡೆಸ್ಕ್‌ಟಾಪನ್ನು ಮೊದಲ ಆಯ್ಕೆಯಾಗಿ ಇಟ್ಟಿರುವಾಗ ನಾವೇಕೆ ತಲೆ ಕೆಡಿಸಿಕೊಳ್ಳಬೇಕು ಎಂಬುದು ಮೊದಲ ಆಕ್ಷೇಪ. ಚರಿತ್ರೆಯೇ ಇದಕ್ಕೆ ಉತ್ತರ ಹೇಳುತ್ತದೆ. 2008ರ ಜನವರಿಯಲ್ಲಿ ಕೆಡಿಇ 4.0 ಬಂದಾಗ ಹಳೆಯ ಅನುಕೂಲಗಳು ಕಾಣೆಯಾಗಿ ಬಳಕೆದಾರರು ಕಂಗೆಟ್ಟರು. 2011ರ ಏಪ್ರಿಲಿನಲ್ಲಿ ಗ್ನೋಮ್ 3 ಬಂದು ಹಳೆಯ ಪಟ್ಟಿ, ಮೆನುಗಳನ್ನೆಲ್ಲ ಕಿತ್ತುಹಾಕಿತು. ಅದೇ ತಿಂಗಳು ಉಬುಂಟು ಎಂಬ ಇನ್ನೊಂದು ವಿತರಣೆ ಯೂನಿಟಿ ಎಂಬ ತನ್ನದೇ ಡೆಸ್ಕ್‌ಟಾಪನ್ನು ಮುಂದಿಟ್ಟಿತು. 2017ರ ಅಕ್ಟೋಬರಿನಲ್ಲಿ ಅದನ್ನು ಕೈಬಿಟ್ಟು ಗ್ನೋಮಿಗೆ ಮರಳಿತು. ಮೊದಲ ಆಯ್ಕೆ ಎನ್ನುವುದು ಒಂದು ಕಾಲದ ಒಂದು ತಂಡದ ತೀರ್ಮಾನ. ಆ ತಂಡವೇ ಅದನ್ನು ಬದಲಿಸಿಕೊಳ್ಳುತ್ತದೆ. ಇದರ ನಡುವೆ ಗ್ನೋಮ್ 2ರ ಹಳೆಯ ರೂಪ ಬೇಕೆಂದವರು ಅದರ ಕೋಡನ್ನೇ ಎತ್ತಿಕೊಂಡು ಮಾಟೆ ಕಟ್ಟಿದರು. ಸಿನಮನ್ ಹುಟ್ಟಿದ್ದೂ ಅದೇ ಅತೃಪ್ತಿಯಿಂದ. ಎಕ್ಸ್‌ಎಫ್‌ಸಿಇಯಂತೂ 2003ರಲ್ಲಿ 4.0 ಆದದ್ದು, ಇಂದಿಗೂ ನಾಲ್ಕರ ಸರಣಿಯಲ್ಲೇ ಇದೆ. ಇಪ್ಪತ್ತು ವರ್ಷಕ್ಕೂ ಮೀರಿ ಅದು ತನ್ನ ಬಳಕೆದಾರರ ಕೈರೂಢಿಯನ್ನು ಕೆಡಿಸಿಲ್ಲ. ಈ ನಿಷ್ಠೆಯನ್ನು ಮೆಚ್ಚದಿರುವುದು ಕಷ್ಟ.

ತೀರ ಇತ್ತೀಚಿನ ಉದಾಹರಣೆ ಬೇಕಾದರೆ 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13 ಇದೆ. ಒಂದೇ ಅಪ್‌ಗ್ರೇಡ್, ಆದರೆ ಗ್ನೋಮ್ ಬಳಸುತ್ತಿದ್ದವರು 43ರಿಂದ 48ಕ್ಕೆ ಬಂದರು, ಕೆಡಿಇಯವರು ಪ್ಲಾಸ್ಮಾ 5.27ರಿಂದ 6.3ಕ್ಕೆ ಒಂದು ತಲೆಮಾರನ್ನೇ ದಾಟಿದರು, ಎಕ್ಸ್‌ಎಫ್‌ಸಿಇಯವರು 4.18ರಿಂದ 4.20ಕ್ಕೆ ಸದ್ದಿಲ್ಲದೆ ಸರಿದರು. ಹೊಸತನ ಎಷ್ಟು ಬೇಕು ಎಂಬುದನ್ನು ಆಯಾ ಮನೆಯವರೇ ನಿರ್ಧರಿಸಬಹುದೆಂದಾಯಿತು. ಹತ್ತು ವರ್ಷ ಹಳೆಯ ಯಂತ್ರವುಳ್ಳವರಿಗೆ ಇದು ಬರಿಯ ಅಭಿರುಚಿಯ ಮಾತಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿತು; ಹನ್ನೊಂದನ್ನು ಹಾಕಲಾಗದ ಗಟ್ಟಿಮುಟ್ಟಾದ ಯಂತ್ರಗಳು ಎಷ್ಟೋ ಮನೆಗಳಲ್ಲಿವೆ. ಹಗುರವಾದ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಹಾಕಿದರೆ ಅವು ಇನ್ನೂ ಕೆಲವು ವರ್ಷ ಮಕ್ಕಳ ಓದಿಗೆ ಒದಗುತ್ತವೆ.

ಆದರೆ ನನ್ನ ದೃಷ್ಟಿಯಲ್ಲಿ ಡೆಸ್ಕ್‌ಟಾಪಿನ ನಿಜವಾದ ಪರೀಕ್ಷೆ ಅಂದಚೆಂದದ್ದಲ್ಲ, ಬರವಣಿಗೆಯದು. ಹೊಸ ಡೆಸ್ಕ್‌ಟಾಪ್ ಹಾಕಿದೊಡನೆ ಒಂದು ಫೋಲ್ಡರಿಗೆ ಶಿರ್ತಾಡಿ ಎಂದೂ ಇನ್ನೊಂದಕ್ಕೆ ಅಶ್ವತ್ಥಪುರ ಎಂದೂ ಮತ್ತೊಂದಕ್ಕೆ ಕಲ್ಲಮುಂಡ್ಕೂರು ಎಂದೂ ಹೆಸರಿಟ್ಟು ನೋಡಬೇಕು. ಮೂಡುಬಿದಿರೆಯ ಸುತ್ತಲಿನ ಈ ಊರುಗಳ ಹೆಸರಿನಲ್ಲಿ ಅರ್ಕಾವೊತ್ತು, ಸಜಾತಿ ವಿಜಾತಿ ಒತ್ತು, ದೀರ್ಘ ಎಲ್ಲವೂ ಇವೆ. ಅಕ್ಷರ ಜೋಡಿಸುವ ಕೆಲಸವನ್ನು ಗ್ನೋಮ್ ಕಡೆಯವೂ ಕೆಡಿಇ ಕಡೆಯವೂ ಹಾರ್ಫ್‌ಬಜ಼್ ಎಂಬ ಒಂದೇ ಲೈಬ್ರರಿಗೆ ಒಪ್ಪಿಸಿರುವುದರಿಂದ ತೋರುವಿಕೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಲೋಹಿತ್, ನವಿಲು, ಗುಬ್ಬಿ ಫಾಂಟುಗಳನ್ನು ಹಾಕಿಕೊಂಡರಾಯಿತು. ವ್ಯತ್ಯಾಸವಿರುವುದು ಟೈಪಿಸುವಲ್ಲಿ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ವಿನ್ಯಾಸ ಇಂದು ಕಗಪ ಎಂಬ ಹೆಸರಿನಲ್ಲಿ ಲಿನಕ್ಸಿನೊಳಗೇ ಇದೆ, ಅದೂ ಎರಡು ಕಡೆ. ಒಂದು, ಕೀಲಿಮಣೆಯ ಮೂಲ ಪಟ್ಟಿಯಲ್ಲಿ. ಅಲ್ಲಿ ಕೀಲಿಗೆ ಅಕ್ಷರ ನಿಗದಿಯಾಗಿರುತ್ತದೆ, ಹಿಂದಿನ ಅಕ್ಷರ ಯಾವುದೆಂದು ಅದು ನೋಡದು. ಇನ್ನೊಂದು, ಐಬಸ್ ಎಂಬ ಟೈಪಿಸುವ ಸಲಕರಣೆಯ ಮೂಲಕ ಬಳಸುವ ಎಂ17ಎನ್ ಸಂಗ್ರಹದಲ್ಲಿ. ಇದು ಹಿಂದಿನ ಅಕ್ಷರವನ್ನು ಗಮನಿಸಿ ಮುಂದಿನದನ್ನು ಜೋಡಿಸಬಲ್ಲದು. ಗ್ನೋಮ್‌ನಲ್ಲಿ ಐಬಸ್ ಬೆರೆತೇ ಬಂದಿದೆ, ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿದರೆ ಮುಗಿಯಿತು. ಎಕ್ಸ್‌ಎಫ್‌ಸಿಇಯಲ್ಲಿ ಅದನ್ನು ಬೇರೆಯಾಗಿ ಹಾಕಿ ಒಂದೆರಡು ಹೊಂದಾಣಿಕೆ ಮಾಡಬೇಕು. ಪ್ಲಾಸ್ಮಾದಲ್ಲಿ ವೇಲ್ಯಾಂಡ್ ಎಂಬ ಪರದೆ ವ್ಯವಸ್ಥೆ ಬಳಸುವಾಗ ವರ್ಚುವಲ್ ಕೀಬೋರ್ಡಿನ ಪುಟಕ್ಕೆ ಹೋಗಿ ಐಬಸ್ ಅನ್ನು ಆರಿಸಬೇಕು. ಕನ್ನಡದಲ್ಲಿ ಬರೆಯುವವರ ಡೆಸ್ಕ್‌ಟಾಪ್ ಆಯ್ಕೆ ಕನ್ನಡದಲ್ಲಿ ಬರೆಯದವರ ಆಯ್ಕೆಯಂತೆಯೇ ಇರಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ತುಳುವಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಲಿನಕ್ಸಿನ ಅಡಿಪಾಯದಲ್ಲಿರುವ ಗ್ನು ಸಿ ಲೈಬ್ರರಿಯ ಭಾಷಾ ಪಟ್ಟಿಯಲ್ಲಿ ಕನ್ನಡ, ಕೊಂಕಣಿಗಳ ಜೊತೆಗೆ ತುಳುವೂ ಇದೆ. ವಾರ, ತಿಂಗಳುಗಳನ್ನು ತುಳುವಿನಲ್ಲಿ ತೋರಿಸೆಂದು ಯಂತ್ರಕ್ಕೆ ಹೇಳಬಹುದು. ಎಕ್ಸ್‌ಎಫ್‌ಸಿಇಯ ಗಡಿಯಾರ ಈ ಪಟ್ಟಿಯನ್ನೇ ಓದುತ್ತದೆ. ಕೆಡಿಇಗೆ ತಳಹದಿಯಾದ ಕ್ಯೂಟಿ ಮಾತ್ರ ತನ್ನದೇ ಬೇರೆ ದತ್ತಾಂಶ ನೋಡುತ್ತದೆ. ಒಂದೇ ಸೂಚನೆಗೆ ಎರಡು ಡೆಸ್ಕ್‌ಟಾಪ್‌ಗಳ ನಡೆ ಬೇರೆ. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16 ತುಳು-ತಿಗಳಾರಿ ಲಿಪಿಗೆ ಜಾಗ ಕೊಟ್ಟಿತು. ಅದಕ್ಕೂ ಮೊದಲಿನ ಲೈಬ್ರರಿಗಳಿಗೆ ಆ ಅಕ್ಷರಗಳ ಪರಿಚಯವೇ ಇಲ್ಲ. ಆದುದರಿಂದ ಅಪ್‌ಗ್ರೇಡ್ ಎಂದರೆ ತುಳುವರಿಗೆ ಬರಿಯ ಹೊಸ ಬಣ್ಣವಲ್ಲ, ತಮ್ಮ ಲಿಪಿ ಪರದೆಯ ಮೇಲೆ ಮೂಡಲು ಬೇಕಾದ ತಯಾರಿ.

ಹಾಕುವ ಕೆಲಸದಲ್ಲೂ ಒಂದು ಕುಶಲತೆಯಿದೆ, ಅದೇ ಅದರ ರುಚಿ. ಆಟಿ ತಿಂಗಳ ಮಳೆಗೆ ಕರೆಂಟು ಯಾವಾಗ ಹೋದೀತೆಂದು ಹೇಳಲಾಗದ ನಾಡಿನಲ್ಲಿ ಮೊದಲು ಕಡತಗಳ ಪ್ರತಿ ಇನ್ನೊಂದು ಡಿಸ್ಕಿಗೆ, ಆಮೇಲೆ ಬ್ಯಾಟರಿ ತುಂಬ ಚಾರ್ಜು, ಆಮೇಲೆಯೇ ಅಪ್‌ಗ್ರೇಡ್. ಅದು ಪೂರ್ತಿ ಮುಗಿದ ಮೇಲೆ ಮಾತ್ರ ಹೊಸ ಡೆಸ್ಕ್‌ಟಾಪ್; ಎರಡನ್ನೂ ಒಟ್ಟಿಗೆ ಮಾಡಿದರೆ ತೊಡಕು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಗ್ನೋಮಿನ ಜಿಡಿಎಂ, ಪ್ಲಾಸ್ಮಾದ ಎಸ್‌ಡಿಡಿಎಂ, ಎಕ್ಸ್‌ಎಫ್‌ಸಿಇಯ ಜೊತೆ ಬರುವ ಲೈಟ್‌ಡಿಎಂ ಇವುಗಳಲ್ಲಿ ಒಂದೇ ಲಾಗಿನ್ ಪರದೆಯನ್ನು ಹಿಡಿಯಬೇಕು. ಯಾವುದು ಎಂದು ಡೆಬಿಯನ್ ಕೇಳಿದಾಗ ಯೋಚಿಸಿ ಉತ್ತರಿಸಬೇಕು. ಪ್ರಯೋಗಕ್ಕೆಂದೇ ಹೊಸ ಬಳಕೆದಾರನ ಖಾತೆಯೊಂದನ್ನು ತೆರೆದು, ಲಾಗಿನ್ ಪರದೆಯಲ್ಲಿ ಒಂದೊಂದೇ ಡೆಸ್ಕ್‌ಟಾಪ್ ಆರಿಸಿ ಒಳಹೊಕ್ಕು ನೋಡಿದರೆ ಹಳೆಯ ಖಾತೆಯ ಹೊಂದಾಣಿಕೆಗಳು ಕಲಕುವುದಿಲ್ಲ. ಮೆಚ್ಚಿದ್ದನ್ನು ಉಳಿಸಿಕೊಂಡು ಉಳಿದದ್ದನ್ನು ತೆಗೆದುಹಾಕಬೇಕು. ಇಲ್ಲವಾದರೆ ಮೆನುವಿನಲ್ಲಿ ಎರಡೆರಡು ಟರ್ಮಿನಲ್, ಎರಡೆರಡು ಚಿತ್ರ ನೋಡುವ ತಂತ್ರಾಂಶ ತುಂಬಿಕೊಳ್ಳುತ್ತವೆ. ಪಟ್ಟಿಯ ಎತ್ತರ, ಫಾಂಟಿನ ಗಾತ್ರ, ಭಾಷೆ ಬದಲಿಸುವ ಕೀಲಿ ಇವನ್ನು ನಿಧಾನವಾಗಿ ಹದಮಾಡುವ ಹೊತ್ತು ಈ ಹವ್ಯಾಸದ ಅತ್ಯಂತ ಸವಿಯಾದ ಭಾಗ.

ಇನ್ನೆರಡು ಆಕ್ಷೇಪಗಳಿಗೆ ಉತ್ತರಿಸಬೇಕು. ಇಷ್ಟೊಂದು ಡೆಸ್ಕ್‌ಟಾಪ್‌ಗಳಿಂದ ಶ್ರಮ ಹಂಚಿಹೋಗುತ್ತದೆ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಗ್ನೋಮಿಗೆ ಒಂದು ಕನ್ನಡ ಅನುವಾದ, ಕೆಡಿಇಗೆ ಇನ್ನೊಂದು. ಕೈಗಳು ಕೆಲವೇ ಆದ್ದರಿಂದ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನ ಮೆನುಗಳು ಕಣ್ಣಿಗೆ ಬೀಳುತ್ತವೆ. ಆದರೆ ಅಕ್ಷರ ಜೋಡಣೆ, ಫಾಂಟು, ಕೀಲಿಮಣೆಯಂಥ ಕಷ್ಟದ ಕೆಲಸ ಎಲ್ಲರಿಗೂ ಸಮಾನ. ಅಲ್ಲಿ ಮಾಡಿದ ಒಂದು ತಿದ್ದುಪಡಿ ಎಲ್ಲ ಡೆಸ್ಕ್‌ಟಾಪ್‌ಗಳಿಗೂ ಸಲ್ಲುತ್ತದೆ. 2011ರ ಅನುಭವ ತೋರಿಸಿದಂತೆ, ಒಂದು ತಂಡ ದಾರಿ ಬದಲಿಸಿದಾಗ ಬಳಕೆದಾರರು ಅನಾಥರಾಗದಂತೆ ಕಾಯುವುದೂ ಈ ಬಹುತ್ವವೇ. ಇದೆಲ್ಲ ಎಂಜಿನಿಯರುಗಳ ಗೀಳು, ಸಾಮಾನ್ಯರಿಗಲ್ಲ ಎಂಬುದು ಮತ್ತೊಂದು ಆಕ್ಷೇಪ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳತ್ತ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ ಕೈಟ್ ಎಂಬ ಹೆಸರಿನಲ್ಲಿ, ಶಾಲೆಗಳಿಗೆಂದೇ ಉಬುಂಟು ಆಧರಿಸಿದ ಲಿನಕ್ಸ್ ಸಿದ್ಧಪಡಿಸಿ ಕೊಡುತ್ತಿದೆ. ಅಲ್ಲಿನ ಮಕ್ಕಳು ಕಂಪ್ಯೂಟರ್ ಪಾಠ ಕಲಿಯುವುದೇ ಅದರಲ್ಲಿ. ಹೈಸ್ಕೂಲಿನ ಮಗುವಿಗೆ ಸಾಧ್ಯವಾದದ್ದು ದೊಡ್ಡವರಿಗೆ ಅಸಾಧ್ಯವಲ್ಲ.

ನನ್ನ ತೀರ್ಪು ಇಷ್ಟು: ಹಳೆಯ ಯಂತ್ರಕ್ಕೂ ಸ್ಥಿರ ಕೈರೂಢಿಗೂ ಎಕ್ಸ್‌ಎಫ್‌ಸಿಇ, ಹೆಚ್ಚು ಹೊಂದಾಣಿಕೆಯಿಲ್ಲದೆ ಕನ್ನಡ ಬರೆಯಬೇಕೆನ್ನುವವರಿಗೆ ಗ್ನೋಮ್, ಪರದೆಯ ಮೂಲೆಮೂಲೆಯನ್ನೂ ತಿದ್ದಿಕೊಳ್ಳುವ ಆಸೆಯುಳ್ಳವರಿಗೆ ಪ್ಲಾಸ್ಮಾ. ಇದನ್ನು ನೀವು ಒಪ್ಪಬೇಕಿಲ್ಲ, ಪರೀಕ್ಷಿಸಿದರೆ ಸಾಕು. ಮುಂದಿನ ಅಪ್‌ಗ್ರೇಡ್ ಆದ ಮೇಲೆ ಒಂದು ಸಂಜೆಯನ್ನು ಇದಕ್ಕೆಂದು ಮೀಸಲಿಡಿ, ನಿಮ್ಮೂರಿನ ಹೆಸರನ್ನು ಬರೆದು ನೋಡಿ, ಮೆನುವಿನಲ್ಲಿ ತಪ್ಪು ಕನ್ನಡ ಕಂಡರೆ ಅನುವಾದದ ತಂಡಕ್ಕೆ ತಿಳಿಸಿ, ಸಾಧ್ಯವಾದರೆ ನೀವೇ ಒಂದು ಸಾಲು ತಿದ್ದಿ ಕಳಿಸಿ.